ಆರ್‌ವಿ ಪ್ರವಾಸದಲ್ಲಿ ಕ್ಯಾಂಪ್‌ಗ್ರೌಂಡ್ ಬಾಡಿಗೆ: ಯಾವ ರಾತ್ರಿ ಎಷ್ಟು ಕೊಡಬೇಕು?

ಬೇಸಿಗೆ ರಜೆ ಹತ್ತಿರ ಬಂದರೆ ಸಾಕು, ಅಮೆರಿಕದಲ್ಲಿರುವ ನಮ್ಮವರು ಒಂದೇ ಪ್ರಶ್ನೆಯನ್ನು ಮತ್ತೆ ಮತ್ತೆ ಕೇಳುತ್ತಾರೆ. "ಊರಿಂದ ಅಪ್ಪ ಅಮ್ಮ ಬಂದಿದ್ದಾರೆ. ಆರ್‌ವಿ ಬಾಡಿಗೆಗೆ ತಗೊಂಡು ಯೊಸೆಮಿಟಿ ಕಡೆ ಹೋಗೋಣ ಅಂತಿದ್ದೀವಿ. ಗಾಡಿಗೂ ಬಾಡಿಗೆ ಕೊಟ್ಟು, ಅದನ್ನ ರಾತ್ರಿ ನಿಲ್ಲಿಸೋಕೂ ತೊಂಬತ್ತು ಡಾಲರ್ ಕೊಡಬೇಕಾ? ಆ ದುಡ್ಡಿಗೆ ಮೋಟೆಲ್ ರೂಮೇ ಸಿಗುತ್ತಲ್ವಾ?"

ಸರಿಯಾದ ಪ್ರಶ್ನೆಯೇ. ಆರ್‌ವಿ ಅಂದರೆ ಮಲಗಲು, ಅಡುಗೆಗೆ, ಟಾಯ್ಲೆಟ್‌ಗೆ ಒಳಗೇ ಜಾಗ ಇರುವ ದೊಡ್ಡ ಗಾಡಿ, ಚಕ್ರದ ಮೇಲಿನ ಮನೆ. ರಾತ್ರಿ ಅದನ್ನು ನಿಲ್ಲಿಸಿ ಉಳಿಯುವ ಜಾಗವೇ ಕ್ಯಾಂಪ್‌ಗ್ರೌಂಡ್. ಯೊಸೆಮಿಟಿ ಕ್ಯಾಲಿಫೋರ್ನಿಯಾದ ಒಂದು ರಾಷ್ಟ್ರೀಯ ಉದ್ಯಾನ. ಪ್ರತಿ ರಾತ್ರಿ ತೊಂಬತ್ತು ಡಾಲರ್ ಕೊಡಬೇಕಾಗಿಲ್ಲ. ಹಾಗಂತ ಪ್ರತಿ ರಾತ್ರಿ ಪುಕ್ಕಟೆ ಜಾಗ ಹುಡುಕಿಕೊಂಡು ಅಲೆಯುವುದೂ ಬೇಡ. ಕ್ಯಾಂಪ್‌ಗ್ರೌಂಡ್‌ನವರು ನಮಗೆ ಕೊಡುವುದು ಗಾಡಿ ನಿಲ್ಲಿಸುವ ಜಾಗ ಮಾತ್ರ ಅಲ್ಲ. ಕರೆಂಟು, ನೀರು, ಕೊಳಚೆ ಹೋಗುವ ಪೈಪು, ಇವೂ ಆ ಬಾಡಿಗೆಯಲ್ಲಿ ಸೇರಿರುತ್ತವೆ. ಇವು ಮೂರೂ ದಿನಾ ಬೇಕಾಗುವುದಿಲ್ಲ. ಯಾವ ರಾತ್ರಿ ಯಾವುದು ಬೇಕು ಎಂದು ಹೊರಡುವ ಮೊದಲೇ ಕೂತು ಲೆಕ್ಕ ಹಾಕಿದರೆ ಕೊಟ್ಟ ದುಡ್ಡಿಗೆ ತಕ್ಕ ಸುಖ ಸಿಗುತ್ತದೆ. ಆ ಲೆಕ್ಕ ಹಾಕುವುದು ಹೇಗೆ ಎಂದು ಇಲ್ಲಿ ಹಂತ ಹಂತವಾಗಿ ಹೇಳುತ್ತೇನೆ. ಉದಾಹರಣೆಗಳು ಹೆಚ್ಚಾಗಿ ಕ್ಯಾಲಿಫೋರ್ನಿಯಾ ಮತ್ತು ಸುತ್ತಲಿನ ರಾಜ್ಯಗಳವು. ಲೆಕ್ಕದ ದಾರಿ ಅಮೆರಿಕದ ಬೇರೆ ಕಡೆಗೂ ಹೊಂದುತ್ತದೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಬರೀ ದುಡ್ಡು ಉಳಿಸಬೇಕು ಅನ್ನುವುದಾದರೆ ಆರ್‌ವಿ ಬೇಡ. ಬಾಡಿಗೆ ಆರ್‌ವಿ ಒಂದು ಗ್ಯಾಲನ್‌ಗೆ 8ರಿಂದ 10 ಮೈಲಿ ಓಡುತ್ತದೆ, ಅಷ್ಟೇ. ಮೈಲಿ ಲೆಕ್ಕದಲ್ಲಿ ಬೇರೆ ಚಾರ್ಜ್ ಹಾಕುವ ಕಂಪನಿಗಳೂ ಇವೆ. ಸಣ್ಣ ಕಾರು, ಮೋಟೆಲ್ ರೂಮು ಹೆಚ್ಚಾಗಿ ಅಗ್ಗವೇ ಬೀಳುತ್ತದೆ. ಆರ್‌ವಿ ಬೇಕಾಗುವುದು ಬೇರೆ ಕಾರಣಕ್ಕೆ. ಎಪ್ಪತ್ತು ದಾಟಿದ ಅಮ್ಮನಿಗೆ ದಾರಿಯಲ್ಲಿ ಟಾಯ್ಲೆಟ್ ಕೈಗೆಟಕುವಂತಿರುತ್ತದೆ. ಅಪ್ಪನಿಗೆ ಮಧ್ಯಾಹ್ನ ಬಿಸಿ ಅನ್ನ, ಸಾರು ಸಿಗುತ್ತದೆ. ಮಕ್ಕಳು ಅಜ್ಜಿಯ ಪಕ್ಕದಲ್ಲೇ ಮಲಗುತ್ತಾರೆ. ಇದಕ್ಕೆ ಬೆಲೆ ಇದೆ ಎಂದು ನಿಮಗೆ ಅನಿಸಿದರೆ ಮುಂದೆ ಓದಿ.

ಮೊದಲು ನಾಲ್ಕು ಪದಗಳ ಅರ್ಥ

ಸೈಟ್: ಬೆಂಗಳೂರಿನಲ್ಲಿ ಸೈಟ್ ಅಂದರೆ ಮನೆ ಕಟ್ಟುವ ಜಾಗ. ಇಲ್ಲಿ ಒಂದು ಗಾಡಿ ನಿಲ್ಲಿಸಲು ಗುರುತು ಮಾಡಿದ ಜಾಗ. ಸಾಮಾನ್ಯವಾಗಿ ಒಂದು ಮೇಜು, ಒಂದು ಬೆಂಕಿ ಗೂಡು ಇರುತ್ತವೆ.

ಹುಕಪ್: ಸೈಟಿನಲ್ಲೇ ಗಾಡಿಗೆ ಸಿಗುವ ಜೋಡಣೆ. ಕರೆಂಟು, ನೀರು, ಕೊಳಚೆ ಪೈಪು ಮೂರೂ ಇದ್ದರೆ ಅದು ಫುಲ್ ಹುಕಪ್. ಕರೆಂಟು ಮತ್ತು ನೀರು ಮಾತ್ರ ಇದ್ದರೆ ಪಾರ್ಶಿಯಲ್ ಹುಕಪ್. ಏನೂ ಇಲ್ಲದ ಕಡೆ ಉಳಿಯುವುದಕ್ಕೆ ಡ್ರೈ ಕ್ಯಾಂಪಿಂಗ್ ಎನ್ನುತ್ತಾರೆ.

ಡಂಪ್ ಸ್ಟೇಷನ್: ಗಾಡಿಯ ಕೊಳಚೆ ಟ್ಯಾಂಕ್ ಖಾಲಿ ಮಾಡುವ ಜಾಗ. ಹಲವು ಕ್ಯಾಂಪ್‌ಗ್ರೌಂಡ್‌ಗಳಲ್ಲಿ, ಹೆದ್ದಾರಿ ಪಕ್ಕದ ದೊಡ್ಡ ಟ್ರಕ್ ಸ್ಟಾಪ್‌ಗಳಲ್ಲಿ ಇರುತ್ತದೆ.

ಗ್ರೇ ಮತ್ತು ಬ್ಲ್ಯಾಕ್ ಟ್ಯಾಂಕ್: ಸಿಂಕು, ಸ್ನಾನದ ನೀರು ಹೋಗುವುದು ಗ್ರೇ ಟ್ಯಾಂಕಿಗೆ. ಟಾಯ್ಲೆಟ್‌ನದು ಬ್ಲ್ಯಾಕ್ ಟ್ಯಾಂಕಿಗೆ.

ಹಂತ 1: ನಿಮ್ಮ ಮನೆಯವರ ನೀರಿನ ಲೆಕ್ಕ ಹಾಕಿ

ಎಲ್ಲಕ್ಕಿಂತ ಮುಖ್ಯವಾದ ಹಂತ ಇದೇ. ಹೆಚ್ಚಿನವರು ಇದನ್ನು ಬಿಟ್ಟು ನೇರ ಬುಕಿಂಗ್‌ಗೆ ಹೋಗುತ್ತಾರೆ.

25 ಅಡಿಯ ಬಾಡಿಗೆ ಆರ್‌ವಿಯಲ್ಲಿ ಒಳ್ಳೆಯ ನೀರಿನ ಟ್ಯಾಂಕ್ ಸುಮಾರು 40 ಗ್ಯಾಲನ್ ಇರುತ್ತದೆ. ಅಂದರೆ ಸುಮಾರು 150 ಲೀಟರ್. ಗ್ರೇ ಮತ್ತು ಬ್ಲ್ಯಾಕ್ ಟ್ಯಾಂಕ್‌ಗಳು ಒಂದೊಂದೂ ಅದಕ್ಕಿಂತ ಚಿಕ್ಕವು, ಹೆಚ್ಚಾಗಿ 25ರಿಂದ 35 ಗ್ಯಾಲನ್. ನಿಮ್ಮ ಗಾಡಿಯ ನಿಖರ ಅಳತೆಯನ್ನು ಬಾಡಿಗೆ ಕಂಪನಿಯ ಹತ್ತಿರ ಕೇಳಿ ಬರೆದುಕೊಳ್ಳಿ.

ಈಗ ಖರ್ಚು ನೋಡಿ. ಶವರ್ ಬಿಟ್ಟುಕೊಂಡು ಐದು ನಿಮಿಷ ನಿಂತರೆ ಸುಮಾರು 10 ಗ್ಯಾಲನ್ ಹೋಗುತ್ತದೆ. ನಾಲ್ಕು ಜನ ಹಾಗೆ ಸ್ನಾನ ಮಾಡಿದರೆ ಒಂದೇ ಬೆಳಗ್ಗೆ ನೀರಿನ ಟ್ಯಾಂಕ್ ಖಾಲಿ. ಗ್ರೇ ಟ್ಯಾಂಕ್ ಅದಕ್ಕೂ ಮೊದಲೇ ತುಂಬಿ, ಕೊಳೆ ನೀರು ಬಾತ್‌ರೂಮಿನ ನೆಲದಲ್ಲೇ ಮೇಲೆ ಬರುತ್ತದೆ. ಊರಲ್ಲಿ ಒಂದು ಬಕೆಟ್ ನೀರಿನಲ್ಲಿ ಸ್ನಾನ ಮುಗಿಸಿದವರು ನಾವು. ಒಂದು ಬಕೆಟ್ ಅಂದರೆ 15 ಲೀಟರ್, 4 ಗ್ಯಾಲನ್. ಆ ಲೆಕ್ಕದಲ್ಲಿ ನಾಲ್ಕು ಜನಕ್ಕೆ 16 ಗ್ಯಾಲನ್ ಸಾಕು. ಮೈ ಒದ್ದೆ ಮಾಡಿಕೊಂಡು ಶವರ್ ನಿಲ್ಲಿಸಿ, ಸೋಪು ಹಚ್ಚಿಕೊಂಡು ಮತ್ತೆ ಬಿಟ್ಟರೆ ಇನ್ನೂ ಕಡಿಮೆ.

ನಮ್ಮ ಮನೆಗಳಲ್ಲಿ ಇನ್ನೂ ಎರಡು ವಿಷಯ ಸೇರುತ್ತವೆ. ಇಲ್ಲಿನ ಆರ್‌ವಿ ಪುಸ್ತಕಗಳು ಇವನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ.

ಮೊದಲನೆಯದು, ಟಾಯ್ಲೆಟ್‌ನಲ್ಲಿ ನಾವು ನೀರು ಬಳಸುತ್ತೇವೆ. ಒಂದೊಂದು ಸಲಕ್ಕೆ ಒಂದು ಮಗ್ ಅಂತ ಹಿಡಿದರೂ ಐದಾರು ಜನರ ಕುಟುಂಬದಲ್ಲಿ ಬ್ಲ್ಯಾಕ್ ಟ್ಯಾಂಕ್ ಅಂದಾಜಿಗಿಂತ ಒಂದು ದಿನ ಮೊದಲೇ ತುಂಬುತ್ತದೆ. ಅಭ್ಯಾಸ ಬಿಡಬೇಕಾಗಿಲ್ಲ, ಬಿಡಿ ಎಂದು ಹಿರಿಯರಿಗೆ ಹೇಳುವುದೂ ಸರಿಯಲ್ಲ. ಡಂಪ್ ಮಾಡುವ ದಿನವನ್ನು ಒಂದು ದಿನ ಮುಂಚಿತವಾಗಿ ಇಟ್ಟುಕೊಂಡರೆ ಆಯಿತು.

ಎರಡನೆಯದು ಪಾತ್ರೆ. ಸಾರು, ಪಲ್ಯ, ಒಗ್ಗರಣೆಯ ಎಣ್ಣೆ ಗ್ರೇ ಟ್ಯಾಂಕಿಗೆ ಹೋದರೆ ಎರಡನೇ ದಿನಕ್ಕೆ ಗಾಡಿ ತುಂಬಾ ನಾತ. ಮೊದಲ ಪ್ರವಾಸದಲ್ಲಿ ನಾನು ಅಕ್ಕಿ ತೊಳೆದ ನೀರು, ಉಳಿದ ಬೇಳೆ ಎಲ್ಲವನ್ನೂ ಸಿಂಕಿಗೇ ಸುರಿದಿದ್ದೆ. ಮೂರನೇ ದಿನ ಕಿಟಕಿ ಮುಚ್ಚಿ ಮಲಗಲು ಆಗಲಿಲ್ಲ. ತಟ್ಟೆ, ಪಾತ್ರೆಗಳನ್ನು ಮೊದಲು ಟಿಶ್ಯೂನಿಂದ ಒರೆಸಿ ಕಸಕ್ಕೆ ಹಾಕಿ, ಆಮೇಲೆ ತೊಳೆಯಿರಿ. ಸಿಂಕಿಗೆ ಒಂದು ಜಾಲರಿ ಇಟ್ಟುಕೊಳ್ಳಿ.

ಈ ಲೆಕ್ಕ ಹಾಕಿದರೆ ನಿಮಗೆ ಒಂದು ಸಂಖ್ಯೆ ಸಿಗುತ್ತದೆ: ಹುಕಪ್ ಇಲ್ಲದೆ ನಿಮ್ಮ ಕುಟುಂಬ ಎಷ್ಟು ರಾತ್ರಿ ಇರಬಲ್ಲದು. ನಾಲ್ಕು ಜನಕ್ಕೆ ಸಾಮಾನ್ಯವಾಗಿ ಎರಡು ರಾತ್ರಿ ಆರಾಮ, ಮೂರು ರಾತ್ರಿ ಸ್ವಲ್ಪ ಬಿಗಿ. ಆರು ಜನ ಇದ್ದರೆ ಎರಡಕ್ಕೇ ನಿಲ್ಲಿಸಿ.

ಹಂತ 2: ಕರೆಂಟು ನಿಜವಾಗಿ ಯಾವುದಕ್ಕೆ ಬೇಕು?

ಆರ್‌ವಿಯೊಳಗಿನ ದೀಪ, ನೀರಿನ ಪಂಪು, ಹೀಟರಿನ ಫ್ಯಾನು ಗಾಡಿಯ ಬ್ಯಾಟರಿಯಿಂದಲೇ ಓಡುತ್ತವೆ. ಒಲೆ, ಬಿಸಿನೀರು, ರೂಮ್ ಹೀಟರ್ ಪ್ರೋಪೇನ್ ಗ್ಯಾಸಿನಿಂದ ಓಡುತ್ತವೆ. ಬಾಡಿಗೆ ಗಾಡಿಗಳ ಫ್ರಿಜ್ ಕೂಡ ಹೆಚ್ಚಾಗಿ ಗ್ಯಾಸಿನಲ್ಲೇ ಓಡುತ್ತದೆ. ಅಂದರೆ ಕುಕ್ಕರ್ ಇಡೋಕೆ, ಕಾಫಿ ಮಾಡೋಕೆ ಹುಕಪ್ ಬೇಕಾಗಿಲ್ಲ.

ಹೊರಗಿನ ಕರೆಂಟು ಮುಖ್ಯವಾಗಿ ಬೇಕಾಗುವುದು ಎಸಿಗೆ, ಮೈಕ್ರೋವೇವ್‌ಗೆ, ಇಂಡಕ್ಷನ್ ಸ್ಟವ್‌ಗೆ. ಜೊತೆಗೆ ನಿದ್ದೆಯಲ್ಲಿ ಉಸಿರಾಟಕ್ಕೆ ಸಿಪ್ಯಾಪ್ ಯಂತ್ರ ಬಳಸುವ ಹಿರಿಯರಿದ್ದರೆ ಅದಕ್ಕೆ. ಈ ಕೊನೆಯದನ್ನು ಮರೆಯಬೇಡಿ. ಪಾರ್ಕುಗಳಲ್ಲಿ ರಾತ್ರಿ ಜನರೇಟರ್ ಹಾಕಲು ಬಿಡುವುದಿಲ್ಲ. ಯೊಸೆಮಿಟಿಯಲ್ಲಿ ಜನರೇಟರಿಗೆ ಬೆಳಗ್ಗೆ 7ರಿಂದ 9, ಮಧ್ಯಾಹ್ನ 12ರಿಂದ 2, ಸಂಜೆ 5ರಿಂದ 7 ಮಾತ್ರ ಅವಕಾಶ. ಸಿಪ್ಯಾಪ್ ಯಂತ್ರ ಬ್ಯಾಟರಿಯಿಂದ ಓಡುತ್ತದೆಯೇ ಎಂದು ಮೊದಲೇ ಮನೆಯಲ್ಲಿ ಪರೀಕ್ಷೆ ಮಾಡಿ. ಇಲ್ಲವಾದರೆ ಎಲ್ಲ ರಾತ್ರಿಯೂ ಕರೆಂಟಿನ ಸೈಟ್ ತೆಗೆದುಕೊಳ್ಳಿ. ಇಲ್ಲಿ ದುಡ್ಡಿನ ಮುಖ ನೋಡಬೇಡಿ.

ಬುಕ್ ಮಾಡುವಾಗ 30 ಆಂಪ್, 50 ಆಂಪ್ ಎಂದು ಎರಡು ದರ ಕಾಣುತ್ತವೆ. ಹೆಚ್ಚಿನ ಮಧ್ಯಮ ಗಾತ್ರದ ಬಾಡಿಗೆ ಗಾಡಿಗಳಿಗೆ 30 ಆಂಪ್ ಸಾಕು. ನಿಮ್ಮ ಗಾಡಿಯ ಪ್ಲಗ್ಗೇ 30 ಆಂಪ್‌ನದಾಗಿದ್ದರೆ 50ಕ್ಕೆ ಜಾಸ್ತಿ ಕೊಟ್ಟರೂ ಉಪಯೋಗ ಇಲ್ಲ. 30 ಆಂಪ್ ಅಂದರೆ 120 ವೋಲ್ಟ್‌ನಲ್ಲಿ ಒಟ್ಟು 3600 ವ್ಯಾಟ್. ಎಸಿ ಒಂದೇ ಸುಮಾರು 1500 ವ್ಯಾಟ್ ಎಳೆಯುತ್ತದೆ. ಇಂಡಕ್ಷನ್ ಪೂರ್ತಿ ಉರಿಯಲ್ಲಿ 1800. ಇವೆರಡು ಓಡುವಾಗ ಯಾರಾದರೂ ಮೈಕ್ರೋವೇವ್ ಹಾಕಿದರೆ ಬ್ರೇಕರ್ ಬಿದ್ದು ಗಾಡಿಯೆಲ್ಲ ಕತ್ತಲು. ಇಂಡಕ್ಷನ್ ಮನೆಯಲ್ಲೇ ಬಿಟ್ಟು ಬನ್ನಿ, ಗ್ಯಾಸ್ ಒಲೆ ಇದೆಯಲ್ಲ.

ಎಸಿ ವಿಷಯಕ್ಕೆ ಬರೋಣ. "ರಾತ್ರಿಯೆಲ್ಲ ಜನರೇಟರ್ ಹಾಕಿ ಎಸಿ ಓಡಿಸಿದರೆ ಹುಕಪ್ ದುಡ್ಡು ಉಳಿಯುತ್ತದೆ" ಎಂದು ಕೆಲವರು ಹೇಳುತ್ತಾರೆ. ಲೆಕ್ಕ ನೋಡಿ. ಜನರೇಟರ್ ಗಂಟೆಗೆ ಸುಮಾರು ಅರ್ಧ ಗ್ಯಾಲನ್ ಪೆಟ್ರೋಲ್ ಕುಡಿಯುತ್ತದೆ. ಹತ್ತು ಗಂಟೆಗೆ 5 ಗ್ಯಾಲನ್. ಗ್ಯಾಲನ್‌ಗೆ 4.50 ಡಾಲರ್ ಹಿಡಿದರೂ 22 ಡಾಲರ್ ದಾಟಿತು. ಅದರ ಮೇಲೆ ಕೆಲವು ಬಾಡಿಗೆ ಕಂಪನಿಗಳು ಜನರೇಟರ್ ಗಂಟೆಗೂ ಬೇರೆ ಚಾರ್ಜ್ ಹಾಕುತ್ತವೆ. ಅಕ್ಕಪಕ್ಕದವರಿಗೆ ನಿದ್ದೆ ಕೆಡುತ್ತದೆ, ಪಾರ್ಕುಗಳಲ್ಲಿ ನಿಯಮವೂ ಬಿಡುವುದಿಲ್ಲ. ಏನೂ ಉಳಿಯುವುದಿಲ್ಲ.

ನಿಜವಾಗಿ ಉಳಿಸುವುದು ಎತ್ತರ. ಜುಲೈನಲ್ಲಿ ಕ್ಯಾಲಿಫೋರ್ನಿಯಾದ ಬಯಲು ಸುಡುತ್ತಿರುತ್ತದೆ, ಎಸಿ ಇಲ್ಲದೆ ಆಗುವುದಿಲ್ಲ. ಯೊಸೆಮಿಟಿ ಕಣಿವೆ 4,000 ಅಡಿಯಲ್ಲಿದೆ. ಹಗಲು ಬಿಸಿ, ರಾತ್ರಿ ತಂಪು. ಅದೇ ಪಾರ್ಕಿನ ಟೂಆಲಮಿ ಮೆಡೋಸ್ 8,600 ಅಡಿಯಲ್ಲಿದೆ. ಅಲ್ಲಿ ಜುಲೈನಲ್ಲೂ ರಾತ್ರಿ ಕಂಬಳಿ ಬೇಕು. ಬಿಸಿ ಜಾಗಕ್ಕೆ ಹುಕಪ್, ಎತ್ತರದ ಜಾಗಕ್ಕೆ ಡ್ರೈ ಕ್ಯಾಂಪಿಂಗ್. ಈ ಒಂದು ನಿಯಮ ಇಟ್ಟುಕೊಂಡರೆ ಅರ್ಧ ಯೋಜನೆ ಮುಗಿಯಿತು. ಆದರೆ ಹೃದಯ ಅಥವಾ ಶ್ವಾಸಕೋಶದ ತೊಂದರೆ ಇರುವ ಹಿರಿಯರನ್ನು 8,000 ಅಡಿ ಮೇಲೆ ಮಲಗಿಸುವ ಮೊದಲು ಡಾಕ್ಟರನ್ನು ಕೇಳಿ.

ಹಂತ 3: ಯಾವ ಬಗೆಯ ಜಾಗಕ್ಕೆ ಎಷ್ಟು?

ಖಾಸಗಿ ಆರ್‌ವಿ ಪಾರ್ಕ್: ಹೆಸರಾಂತ ರಾಷ್ಟ್ರೀಯ ಉದ್ಯಾನಗಳ ಹತ್ತಿರ, ಬೇಸಿಗೆಯಲ್ಲಿ, ಫುಲ್ ಹುಕಪ್‌ಗೆ ರಾತ್ರಿಗೆ 60ರಿಂದ 120 ಡಾಲರ್ ತಯಾರಿಟ್ಟುಕೊಳ್ಳಿ. ಬಿಸಿನೀರಿನ ಸ್ನಾನದ ಮನೆ, ಲಾಂಡ್ರಿ, ಮಕ್ಕಳಿಗೆ ಆಟದ ಜಾಗ, ಎಷ್ಟೋ ಕಡೆ ಈಜುಕೊಳ ಇರುತ್ತದೆ. ಹಳದಿ ಬೋರ್ಡಿನ ಕೆಒಎ ಇದರಲ್ಲಿ ಹೆಚ್ಚು ಜನರಿಗೆ ಗೊತ್ತಿರುವ ಹೆಸರು. 1962ರಲ್ಲಿ ಮೊಂಟಾನಾದ ಬಿಲ್ಲಿಂಗ್ಸ್‌ನಲ್ಲಿ ಶುರುವಾದದ್ದು. ದುಡ್ಡಿಗೆ ತಕ್ಕಂತೆ ಆಗಬೇಕಾದರೆ ಮಧ್ಯಾಹ್ನವೇ ತಲುಪಿ. ರಾತ್ರಿ ಒಂಬತ್ತಕ್ಕೆ ಬಂದು ಬೆಳಗ್ಗೆ ಏಳಕ್ಕೆ ಹೊರಡುವುದಾದರೆ ಈಜುಕೊಳಕ್ಕೆ ಸುಮ್ನೆ ಕೊಟ್ಟಂತಾಯಿತು.

ರಾಷ್ಟ್ರೀಯ ಉದ್ಯಾನದೊಳಗಿನ ಕ್ಯಾಂಪ್‌ಗ್ರೌಂಡ್: ನನ್ನ ಮಟ್ಟಿಗೆ ಕೊಟ್ಟ ಒಂದೊಂದು ಡಾಲರಿಗೂ ಅತಿ ಹೆಚ್ಚು ಸಿಗುವುದು ಇಲ್ಲಿ. ಯೊಸೆಮಿಟಿ ಕಣಿವೆಯ ಅಪ್ಪರ್ ಪೈನ್ಸ್‌ನಲ್ಲಿ ರಾತ್ರಿಗೆ 36 ಡಾಲರ್. ಒಂದು ಸೈಟಿನಲ್ಲಿ ಆರು ಜನ ಇರಬಹುದು. ಬೆಳಗ್ಗೆ ಎದ್ದು ಬಾಗಿಲು ತೆರೆದರೆ ಹಾಫ್ ಡೋಮ್ ಎಂಬ ಹೆಸರಾಂತ ಬಂಡೆ ಬೆಟ್ಟ ಇರುವ ಕಣಿವೆಯಲ್ಲೇ ಇದ್ದೀರಿ. ಹೊರಗಿನಿಂದ ದಿನಾ ಬರುವ ಡ್ರೈವ್ ಇಲ್ಲ, ಪಾರ್ಕಿಂಗ್ ಹುಡುಕುವ ಕಷ್ಟ ಇಲ್ಲ. ಗಾಡಿ ಸೈಟಿನಲ್ಲೇ ಬಿಟ್ಟು ಉಚಿತ ಶಟಲ್ ಬಸ್ಸಿನಲ್ಲಿ ಓಡಾಡಬಹುದು. ಆದರೆ ಯೊಸೆಮಿಟಿಯ ಯಾವ ಕ್ಯಾಂಪ್‌ಗ್ರೌಂಡ್‌ನಲ್ಲೂ ಹುಕಪ್ ಇಲ್ಲ. ಅಪ್ಪರ್ ಪೈನ್ಸ್ ಹತ್ತಿರ ಡಂಪ್ ಸ್ಟೇಷನ್ ಇದೆ, ಅದು ದೊಡ್ಡ ಅನುಕೂಲ.

ಪಾರ್ಕಿನೊಳಗೆ ಹುಕಪ್ ಸಿಗುವುದು ಅಪರೂಪ. ಗ್ರ್ಯಾಂಡ್ ಕ್ಯಾನ್ಯನ್ ದಕ್ಷಿಣ ಅಂಚಿನಲ್ಲಿ ಮೇದರ್ ಕ್ಯಾಂಪ್‌ಗ್ರೌಂಡ್‌ನಲ್ಲಿ ಹುಕಪ್ ಇಲ್ಲ, 30 ಅಡಿಗಿಂತ ಉದ್ದದ ಗಾಡಿಗೆ ಜಾಗವೂ ಇಲ್ಲ. ಪಕ್ಕದ ಟ್ರೇಲರ್ ವಿಲೇಜ್‌ನಲ್ಲಿ ಫುಲ್ ಹುಕಪ್ ಇದೆ, ಬಾಡಿಗೆಯೂ ಜಾಸ್ತಿ. ಯೆಲ್ಲೋಸ್ಟೋನ್‌ನಲ್ಲಿ ಫುಲ್ ಹುಕಪ್ ಇರುವುದು ಫಿಶಿಂಗ್ ಬ್ರಿಡ್ಜ್ ಆರ್‌ವಿ ಪಾರ್ಕ್ ಒಂದರಲ್ಲೇ. ಕರಡಿಗಳ ಓಡಾಟ ಇರುವುದರಿಂದ ಅಲ್ಲಿ ಗಟ್ಟಿ ಗೋಡೆಯ ಗಾಡಿಗಳಿಗೆ ಮಾತ್ರ ಪ್ರವೇಶ.

ನ್ಯಾಷನಲ್ ಫಾರೆಸ್ಟ್ ಮತ್ತು ಸ್ಟೇಟ್ ಪಾರ್ಕ್: ಹುಕಪ್ ಇಲ್ಲದ ಫಾರೆಸ್ಟ್ ಸೈಟು ಬಹಳ ಕಡೆ 30 ಡಾಲರಿನ ಆಸುಪಾಸು. ಮರಗಳ ನಡುವೆ ಅಗಲವಾದ ಜಾಗ, ಕುಡಿಯುವ ನೀರಿನ ನಲ್ಲಿ, ಫ್ಲಶ್ ಇಲ್ಲದ ಗುಂಡಿ ಟಾಯ್ಲೆಟ್. ಕ್ಯಾಲಿಫೋರ್ನಿಯಾದ ಸ್ಟೇಟ್ ಪಾರ್ಕುಗಳಲ್ಲಿ ಕೆಲವು ಕಡೆ ಹುಕಪ್ ಸಿಗುತ್ತದೆ. ಅಲ್ಲಿ ಬಾಡಿಗೆ ಜೊತೆಗೆ ಸುಮಾರು 8 ಡಾಲರ್ ಬುಕಿಂಗ್ ಚಾರ್ಜ್ ಇದೆ. ಅದು ವಾಪಸ್ ಬರುವುದಿಲ್ಲ.

ಪುಕ್ಕಟೆ ಜಾಗ: ಬಿಎಲ್ಎಂ, ಅಂದರೆ ಕೇಂದ್ರ ಸರ್ಕಾರದ ಭೂ ಇಲಾಖೆಯ ಬಯಲುಗಳಲ್ಲಿ ಸಾಮಾನ್ಯವಾಗಿ 14 ದಿನದವರೆಗೆ ಹಣ ಕೊಡದೆ ಇರಬಹುದು. ನೀರು, ಟಾಯ್ಲೆಟ್, ಕಸದ ಡಬ್ಬ ಏನೂ ಇರುವುದಿಲ್ಲ. ಇಲ್ಲೊಂದು ದೊಡ್ಡ ಎಚ್ಚರಿಕೆ: ಇಂಥ ಜಾಗಗಳಿಗೆ ಹೆಚ್ಚಾಗಿ ಮಣ್ಣಿನ ರಸ್ತೆ. ಹೆಚ್ಚಿನ ಬಾಡಿಗೆ ಕರಾರುಗಳಲ್ಲಿ ಮಣ್ಣಿನ ರಸ್ತೆಗೆ ಗಾಡಿ ಇಳಿಸಬಾರದು ಎಂದಿರುತ್ತದೆ. ಅಲ್ಲಿ ಗಾಡಿ ಹೂತುಹೋದರೆ ಎಳೆಸುವ ಖರ್ಚು ಪೂರ್ತಿ ನಿಮ್ಮದೇ. ಉಳಿಸಿದ ಮೂವತ್ತು ಡಾಲರಿಗೆ ನೂರಾರು ಡಾಲರ್ ದಂಡ ತೆತ್ತಂತಾಗುತ್ತದೆ.

ವಾಲ್‌ಮಾರ್ಟ್ ಪಾರ್ಕಿಂಗ್‌ನಲ್ಲಿ ಮಲಗಬಹುದಾ ಎಂದು ಕೇಳುವವರು ತುಂಬಾ ಜನ. ಎಲ್ಲ ಕಡೆ ಬಿಡುವುದಿಲ್ಲ. ಆ ಅಂಗಡಿಯ ಮ್ಯಾನೇಜರನ್ನು ಕೇಳಬೇಕು, ಊರಿನ ಕಾನೂನೂ ಬಿಡಬೇಕು. ಬಿಟ್ಟರೆ ಒಂದು ರಾತ್ರಿ ಮಾತ್ರ. ಹೊರಗೆ ಕುರ್ಚಿ, ಒಲೆ ಹಾಕಬೇಡಿ. ಕ್ಯಾಲಿಫೋರ್ನಿಯಾದ ಹೆದ್ದಾರಿ ರೆಸ್ಟ್ ಏರಿಯಾಗಳಲ್ಲಿ 24 ಗಂಟೆಯಲ್ಲಿ 8 ಗಂಟೆ ಮಾತ್ರ ನಿಲ್ಲಬಹುದು. ಡ್ರೈವ್ ಮಾಡುವವರಿಗೆ ಸುಸ್ತಾದಾಗ ಇವು ಒಳ್ಳೆಯದು. ಆದರೆ ವಯಸ್ಸಾದವರನ್ನು ಕರೆದುಕೊಂಡು ಬಂದ ಪ್ರವಾಸದಲ್ಲಿ ಟ್ರಕ್ಕುಗಳ ಸದ್ದಿನ ನಡುವೆ ಮಲಗಿಸುವುದನ್ನು ಯೋಜನೆಯಲ್ಲೇ ಸೇರಿಸಬೇಡಿ.

ಹಂತ 4: ರಾತ್ರಿಗಳನ್ನು ಹಂಚಿ

ಈಗ ಒಂದು ಹಾಳೆ ತೆಗೆದುಕೊಳ್ಳಿ. ಎಷ್ಟು ರಾತ್ರಿಯೋ ಅಷ್ಟು ಸಾಲು ಹಾಕಿ. ಪ್ರತಿ ಸಾಲಿನಲ್ಲಿ ಮೂರು ವಿಷಯ ಬರೆಯಿರಿ: ಆ ಜಾಗ ಬಿಸಿಯೋ ತಂಪೋ, ಕೊನೆಯ ಡಂಪ್ ಆಗಿ ಎಷ್ಟು ರಾತ್ರಿ ಆಯಿತು, ಬಟ್ಟೆ ಒಗೆಯಬೇಕೋ.

ಸ್ಯಾನ್ ಫ್ರಾನ್ಸಿಸ್ಕೊ ಕಡೆಯಿಂದ ಏಳು ರಾತ್ರಿಯ ಬೇಸಿಗೆ ಪ್ರವಾಸ ಎಂದುಕೊಳ್ಳೋಣ. ಮೊದಲ ರಾತ್ರಿ ಯೊಸೆಮಿಟಿ ದಾರಿಯಲ್ಲಿರುವ ಗ್ರೋವ್‌ಲ್ಯಾಂಡ್ ಸುತ್ತಮುತ್ತ ಫುಲ್ ಹುಕಪ್. ಗಾಡಿ ಹೊಸದು, ಎಲ್ಲ ಸ್ವಿಚ್ಚು, ವಾಲ್ವು ಕಲಿಯಬೇಕು. ಬಿಸಿಯೂ ಇರುತ್ತದೆ. ಎರಡು, ಮೂರನೇ ರಾತ್ರಿ ಅಪ್ಪರ್ ಪೈನ್ಸ್. ಹೊರಡುವಾಗ ಡಂಪ್ ಮಾಡಿ, ನೀರು ತುಂಬಿ, ಟಯೋಗಾ ರಸ್ತೆ ಹತ್ತಿ ಆ ಕಡೆ ಇಳಿಯಿರಿ. ನಾಲ್ಕನೇ ರಾತ್ರಿ ಜೂನ್ ಲೇಕ್ ಹತ್ತಿರದ ಫಾರೆಸ್ಟ್ ಕ್ಯಾಂಪ್‌ಗ್ರೌಂಡ್. ಐದನೇ ರಾತ್ರಿ 395 ಹೆದ್ದಾರಿಯಲ್ಲಿ ಒಂದು ಫುಲ್ ಹುಕಪ್, ಎಲ್ಲರಿಗೂ ತಲೆಸ್ನಾನ, ಬಟ್ಟೆ ಒಗೆತ. ಆರನೇ ರಾತ್ರಿ ಟಾಹೊ ಸರೋವರದ ಸುತ್ತ ಫಾರೆಸ್ಟ್ ಸೈಟು. ಏಳನೇ ರಾತ್ರಿ ಮನೆಗೆ ಹತ್ತಿರದ ಫುಲ್ ಹುಕಪ್.

ಫುಲ್ ಹುಕಪ್‌ಗೆ 85, ಫಾರೆಸ್ಟ್ ಸೈಟಿಗೆ 32 ಎಂದು ಅಂದಾಜು ಹಿಡಿದರೆ: 85 ಡಾಲರಿನ ಮೂರು ರಾತ್ರಿ, 255. 36 ಡಾಲರಿನ ಎರಡು, 72. 32 ಡಾಲರಿನ ಎರಡು, 64. ಒಟ್ಟು 391 ಡಾಲರ್. ಏಳೂ ರಾತ್ರಿ ಫುಲ್ ಹುಕಪ್ ತೆಗೆದುಕೊಂಡಿದ್ದರೆ 595 ಆಗುತ್ತಿತ್ತು. 204 ಡಾಲರ್ ಉಳಿಯಿತು. ಅದಕ್ಕಿಂತ ಹೆಚ್ಚಾಗಿ, ದುಡ್ಡು ಉಳಿಸಿದ ನಾಲ್ಕೂ ರಾತ್ರಿಗಳು ಪ್ರವಾಸದ ಅತಿ ಚೆಂದದ ರಾತ್ರಿಗಳೇ.

(ಗ್ರೋವ್‌ಲ್ಯಾಂಡ್‌ಗೆ ಹೋಗುವಾಗ ಜಿಪಿಎಸ್ ಓಲ್ಡ್ ಪ್ರೀಸ್ಟ್ ಗ್ರೇಡ್ ಎಂಬ ಹಳೆಯ ರಸ್ತೆ ತೋರಿಸಿದರೆ ಕೇಳಬೇಡಿ. ತುಂಬಾ ಕಡಿದಾದ ಏರು. ಸ್ವಲ್ಪ ಸುತ್ತಾದರೂ ಹೊಸ ಗ್ರೇಡ್ ರಸ್ತೆಯಲ್ಲೇ ಆರ್‌ವಿ ಹತ್ತಿಸಿ.)

ಹಂತ 5: ಬುಕಿಂಗ್

ಅಗ್ಗದ ಒಳ್ಳೆಯ ಜಾಗಗಳು ಮೊದಲು ತುಂಬುತ್ತವೆ. ಆದ್ದರಿಂದ ಮೊದಲು ಪಾರ್ಕಿನೊಳಗಿನ ಸೈಟು, ಆಮೇಲೆ ಗಾಡಿ, ಕೊನೆಗೆ ಖಾಸಗಿ ಪಾರ್ಕು. ಬಹಳ ಜನ ಇದನ್ನು ತಿರುಗುಮುರುಗು ಮಾಡಿ, ಗಾಡಿ ಬುಕ್ ಮಾಡಿದ ಮೇಲೆ ಸೈಟು ಹುಡುಕುತ್ತಾರೆ. ಆಗ ಉಳಿದಿರುವುದು ದುಬಾರಿ ಜಾಗ ಮಾತ್ರ.

ಕೇಂದ್ರ ಸರ್ಕಾರದ ಜಾಗಗಳು ಹೆಚ್ಚಾಗಿ ರಿಕ್ರಿಯೇಷನ್ ಡಾಟ್ ಗವ್ ಎಂಬ ತಾಣದಲ್ಲಿ ಸಿಗುತ್ತವೆ. ಅಪ್ಪರ್ ಪೈನ್ಸ್ ಸೈಟುಗಳು ಐದು ತಿಂಗಳು ಮೊದಲು, ತಿಂಗಳ 15ನೇ ತಾರೀಖು, ಪೆಸಿಫಿಕ್ ಸಮಯ ಬೆಳಗ್ಗೆ 7ಕ್ಕೆ ಬಿಡುಗಡೆಯಾಗುತ್ತವೆ. ಬೇಸಿಗೆಯ ದಿನಗಳಿಗೆ ಕೆಲವೇ ನಿಮಿಷಗಳಲ್ಲಿ ಖಾಲಿ. ಹಿಂದಿನ ದಿನವೇ ಖಾತೆ ತೆರೆದು ಲಾಗಿನ್ ಆಗಿ, ನಾಲ್ಕೈದು ಸೈಟ್ ನಂಬರ್ ಬರೆದಿಟ್ಟುಕೊಳ್ಳಿ. ಗಂಡ ಹೆಂಡತಿ ಇಬ್ಬರೂ ಬೇರೆ ಬೇರೆ ಕಂಪ್ಯೂಟರಿನಲ್ಲಿ ಕೂತುಕೊಳ್ಳಿ. ಸಿಗದಿದ್ದರೆ ನಿರಾಶರಾಗಬೇಡಿ. ಪ್ರವಾಸದ ದಿನ ಹತ್ತಿರ ಬಂದಂತೆ ಜನ ರದ್ದು ಮಾಡುತ್ತಾರೆ, ದಿನಾ ಬೆಳಗ್ಗೆ ಸಂಜೆ ನೋಡುತ್ತಿರಿ.

ಸೈಟಿನ ವಿವರದಲ್ಲಿ ಗಾಡಿಯ ಗರಿಷ್ಠ ಉದ್ದ ಬರೆದಿರುತ್ತದೆ. 25 ಅಡಿ ಗಾಡಿ ಎಂದು ಕಂಪನಿ ಹೇಳಿದರೂ ಕೆಲವು ಸಲ ಅಳೆದರೆ ಒಂದೆರಡು ಅಡಿ ಜಾಸ್ತಿ ಇರುತ್ತದೆ. ಹೊಂದದ ಸೈಟು ತೆಗೆದುಕೊಂಡರೆ ಅಲ್ಲಿಗೆ ಹೋದ ಮೇಲೆ ಬದಲಿ ಕೊಡಲು ಅವರ ಹತ್ತಿರ ಜಾಗ ಇರುವುದಿಲ್ಲ.

ರದ್ದು ಮಾಡಿದರೆ ಆ ತಾಣದಲ್ಲಿ 10 ಡಾಲರ್ ಹಿಡಿದುಕೊಳ್ಳುತ್ತಾರೆ. ತಲುಪುವ ದಿನ ಅಥವಾ ಅದರ ಹಿಂದಿನ ದಿನ ರದ್ದು ಮಾಡಿದರೆ ಮೊದಲ ರಾತ್ರಿಯ ಬಾಡಿಗೆಯೂ ಹೋಗುತ್ತದೆ. ಹೇಳದೆ ಕೇಳದೆ ಹೋಗದೇ ಇದ್ದರೆ 20 ಡಾಲರ್ ಮತ್ತು ಮೊದಲ ರಾತ್ರಿಯ ಬಾಡಿಗೆ. ಖಾಸಗಿ ಪಾರ್ಕುಗಳ ನಿಯಮ ಒಂದೊಂದು ಕಡೆ ಒಂದೊಂದು ತರಹ. ಜುಲೈ 4, ಲೇಬರ್ ಡೇ ತರಹದ ವಾರಾಂತ್ಯಗಳಲ್ಲಿ ಎರಡು ಮೂರು ರಾತ್ರಿ ಕಡ್ಡಾಯ ಎನ್ನುತ್ತಾರೆ. ಸಾಧ್ಯವಾದರೆ ಖಾಸಗಿ ಪಾರ್ಕಿನ ರಾತ್ರಿಗಳನ್ನು ಭಾನುವಾರದಿಂದ ಗುರುವಾರದೊಳಗೆ ಇಟ್ಟುಕೊಳ್ಳಿ, ದರ ಇಳಿದಿರುತ್ತದೆ.

ಹಂತ 6: ಬಿಲ್ಲಿನ ಕೆಳಗಿನ ಸಾಲುಗಳನ್ನು ಓದಿ

ಮೇಲೆ ಕಾಣುವ ದರ ಹೆಚ್ಚಾಗಿ ಎರಡು ಜನರಿಗೆ. ಮೂರನೆಯವರಿಂದ ತಲೆಗೆ ಇಷ್ಟು ಎಂದು ಸೇರಿಸುವ ಖಾಸಗಿ ಪಾರ್ಕುಗಳಿವೆ. ಅಜ್ಜ ಅಜ್ಜಿ, ಇಬ್ಬರು ಮಕ್ಕಳು ಸೇರಿ ಆರು ಜನ ಹೋದಾಗ ಇದು ದೊಡ್ಡ ಮೊತ್ತ. ಅದರ ಮೇಲೆ ತೆರಿಗೆ, ರೆಸಾರ್ಟ್ ಚಾರ್ಜ್, ಎರಡನೇ ಕಾರು ನಿಲ್ಲಿಸುವ ಚಾರ್ಜ್. ಇದೇ ನಂಬರಿನ ಸೈಟೇ ಬೇಕು ಎಂದರೆ ಸೈಟ್ ಲಾಕ್ ಚಾರ್ಜ್ ಬೇರೆ. ಇದು ಹೆಚ್ಚಾಗಿ ಬೇಡ. ಆದರೆ ಪುಲ್ ಥ್ರೂ ಸೈಟಿಗೆ, ಅಂದರೆ ರಿವರ್ಸ್ ತೆಗೆಯದೆ ನೇರ ಒಳಗೆ ಹೋಗಿ ನೇರ ಹೊರಗೆ ಬರುವ ಸೈಟಿಗೆ, ಸ್ವಲ್ಪ ಜಾಸ್ತಿ ಕೇಳಿದರೂ ಮೊದಲ ರಾತ್ರಿಗೆ ಕೊಡಿ. ದೊಡ್ಡ ಗಾಡಿಯನ್ನು ಕತ್ತಲಲ್ಲಿ ರಿವರ್ಸ್ ತೆಗೆದು ಮರಕ್ಕೆ ತಾಗಿಸಿದರೆ ಡೆಪಾಸಿಟ್ ಹೋಗುತ್ತದೆ.

ಕೊನೆಯ ಪುಟಕ್ಕೆ ಹೋಗಿ, ಕಾರ್ಡ್ ನಂಬರ್ ಹಾಕುವ ಮೊದಲು ಕಾಣುವ ಒಟ್ಟು ಮೊತ್ತವನ್ನೇ ಹೋಲಿಸಿ ನೋಡಿ.

ಪಾರ್ಕಿನ ಪ್ರವೇಶ ಶುಲ್ಕ ಕ್ಯಾಂಪ್‌ಗ್ರೌಂಡ್ ಬಾಡಿಗೆಯಲ್ಲಿ ಸೇರಿಲ್ಲ. ವಾರ್ಷಿಕ ಪಾಸು ಇಲ್ಲಿನ ನಿವಾಸಿಗಳಿಗೆ 80 ಡಾಲರ್. 2026ರಿಂದ ಹೊರದೇಶದವರಿಗೆ ಅದೇ ಪಾಸು 250 ಡಾಲರ್ ಆಗಿದೆ. ಪಾಸಿಲ್ಲದ ಹೊರದೇಶದವರಿಗೆ ಯೊಸೆಮಿಟಿ, ಗ್ರ್ಯಾಂಡ್ ಕ್ಯಾನ್ಯನ್, ಯೆಲ್ಲೋಸ್ಟೋನ್ ಸೇರಿ 11 ಉದ್ಯಾನಗಳಲ್ಲಿ 16 ವರ್ಷ ಮೇಲ್ಪಟ್ಟವರಿಗೆ ತಲೆಗೆ 100 ಡಾಲರ್ ಹೆಚ್ಚುವರಿ ಇದೆ. ವಿಸಿಟರ್ ವೀಸಾದಲ್ಲಿ ಬಂದ ಅಪ್ಪ ಅಮ್ಮ ಜೊತೆಗಿದ್ದರೆ ಹೊರಡುವ ಮೊದಲು ಆ ಪಾರ್ಕಿನ ಅಧಿಕೃತ ತಾಣದಲ್ಲಿ ನಿಯಮ ಓದಿ, ಯಾವ ಪಾಸು ತೆಗೆದುಕೊಳ್ಳಬೇಕೆಂದು ತೀರ್ಮಾನಿಸಿ.

ಹಂತ 7: ರಿಯಾಯಿತಿ ಕಾರ್ಡು ಬೇಕಾ?

ಕೆಒಎ ಮತ್ತು ಗುಡ್ ಸ್ಯಾಮ್ ಎಂಬ ಆರ್‌ವಿ ಕ್ಲಬ್ಬಿನ ಸದಸ್ಯತ್ವಗಳಲ್ಲಿ 10 ಶೇಕಡಾ ರಿಯಾಯಿತಿ. 85 ಡಾಲರಿನ ರಾತ್ರಿಗೆ 8.50 ಉಳಿಯುತ್ತದೆ. ಸದಸ್ಯತ್ವದ ಶುಲ್ಕವನ್ನು ಅದರಿಂದ ಭಾಗಿಸಿ. ಅಷ್ಟು ರಾತ್ರಿ ನೀವು ಅಲ್ಲಿ ಉಳಿಯುವುದಾದರೆ ಮಾತ್ರ ತೆಗೆದುಕೊಳ್ಳಿ. ಹಾರ್ವೆಸ್ಟ್ ಹೋಸ್ಟ್ಸ್ ಎಂಬುದು ತೋಟ, ವೈನರಿಗಳಲ್ಲಿ ರಾತ್ರಿ ನಿಲ್ಲಿಸಲು ಬಿಡುವ ವ್ಯವಸ್ಥೆ. ವರ್ಷಕ್ಕೆ ಸುಮಾರು 100 ಡಾಲರ್, ಜೊತೆಗೆ ಪ್ರತಿ ಸಲ ಆ ತೋಟದಲ್ಲಿ 30 ಡಾಲರಿನಷ್ಟಾದರೂ ಏನಾದರೂ ಕೊಳ್ಳಿ ಎನ್ನುತ್ತಾರೆ. ಸ್ವಂತ ಗಾಡಿ ಇರುವವರಿಗೆ ಒಳ್ಳೆಯದು. ವರ್ಷಕ್ಕೊಮ್ಮೆ ಬಾಡಿಗೆಗೆ ತೆಗೆದುಕೊಳ್ಳುವವರಿಗೆ ಬೇಡ.

ಸೀನಿಯರ್ ಪಾಸಿನ ಬಗ್ಗೆ ತಪ್ಪು ತಿಳಿವಳಿಕೆ ಜಾಸ್ತಿ. 62 ದಾಟಿದ ಅಮೆರಿಕದ ಪ್ರಜೆಗಳಿಗೆ ಮತ್ತು ಗ್ರೀನ್ ಕಾರ್ಡ್ ಇರುವವರಿಗೆ ಅದು ವರ್ಷಕ್ಕೆ 20 ಡಾಲರ್, ಜೀವಮಾನಕ್ಕೆ 80. ಕೇಂದ್ರ ಸರ್ಕಾರದ ಬಹಳಷ್ಟು ಕ್ಯಾಂಪ್‌ಗ್ರೌಂಡ್‌ಗಳಲ್ಲಿ ಸೈಟಿನ ಬಾಡಿಗೆ ಅರ್ಧಕ್ಕೆ ಇಳಿಯುತ್ತದೆ. ಅಪ್ಪ ಅಮ್ಮನಿಗೆ ಗ್ರೀನ್ ಕಾರ್ಡ್ ಇದ್ದರೆ ಇದನ್ನು ತಪ್ಪದೆ ಮಾಡಿಸಿ. ವಿಸಿಟರ್ ವೀಸಾದವರಿಗೆ ಇದು ಸಿಗುವುದಿಲ್ಲ. ಅವರ ವಯಸ್ಸು ನೋಡಿ ಅರ್ಧ ದರದಲ್ಲಿ ಬುಕ್ ಮಾಡಿಬಿಟ್ಟರೆ ಅಲ್ಲಿ ಹೋದಾಗ ಪಾಸು ತೋರಿಸಬೇಕಾಗುತ್ತದೆ.

ಹಂತ 8: ಕೊನೆಯ ರಾತ್ರಿ ಮತ್ತು ಗಾಡಿ ಹಿಂತಿರುಗಿಸುವುದು

ಕೊನೆಯ ರಾತ್ರಿ ಫುಲ್ ಹುಕಪ್ ಇಡಿ ಎಂದು ಮೇಲೆ ಹೇಳಿದ್ದಕ್ಕೆ ಕಾರಣ ಇದೆ. ಟ್ಯಾಂಕ್ ಖಾಲಿ ಮಾಡದೆ ಗಾಡಿ ಕೊಟ್ಟರೆ ಕಂಪನಿಗಳು ದೊಡ್ಡ ಮೊತ್ತ ಹಾಕುತ್ತವೆ. ಹೊರಗೆ ಡಂಪ್ ಮಾಡಿಸಲು 10ರಿಂದ 20 ಡಾಲರ್, ಜೊತೆಗೆ ಬೆಳಗ್ಗೆ ಸಾಲಿನಲ್ಲಿ ಕಾಯುವ ಸಮಯ. ಫುಲ್ ಹುಕಪ್‌ನಲ್ಲಿ ಇದ್ದರೆ ಸೈಟಿನಲ್ಲೇ ಮುಗಿಯುತ್ತದೆ. ಒಳಗೆ ಗುಡಿಸಿ ಒರೆಸಲು ನೀರೂ ಇರುತ್ತದೆ.

ಡಂಪ್ ಮಾಡುವ ಕ್ರಮ ಹೀಗೆ. ಕೈಗೆ ಗ್ಲೌಸ್ ಹಾಕಿ. ಪೈಪು ಎರಡೂ ಕಡೆ ಬಿಗಿಯಾಗಿ ಕೂತಿದೆಯೇ ನೋಡಿ. ಮೊದಲು ಬ್ಲ್ಯಾಕ್ ಟ್ಯಾಂಕಿನ ವಾಲ್ವ್ ತೆರೆದು ಪೂರ್ತಿ ಖಾಲಿಯಾಗಲು ಬಿಡಿ, ಮುಚ್ಚಿ. ಆಮೇಲೆ ಗ್ರೇ ತೆರೆಯಿರಿ. ಸೋಪಿನ ನೀರು ಪೈಪನ್ನು ತೊಳೆದುಕೊಂಡು ಹೋಗುತ್ತದೆ. ಫುಲ್ ಹುಕಪ್ ಇದೆ ಎಂದು ಬ್ಲ್ಯಾಕ್ ವಾಲ್ವನ್ನು ರಾತ್ರಿಯೆಲ್ಲ ತೆರೆದಿಡಬೇಡಿ. ನೀರು ಹರಿದುಹೋಗಿ ಗಟ್ಟಿಯಾದದ್ದು ಟ್ಯಾಂಕಿನ ತಳದಲ್ಲೇ ಕೂತುಬಿಡುತ್ತದೆ. ಹೊರಡುವ ಅರ್ಧ ಗಂಟೆ ಮೊದಲು ತೆರೆದರೆ ಸಾಕು.

ಬಹಳ ಪಾರ್ಕುಗಳಲ್ಲಿ ಬೆಳಗ್ಗೆ 11ರಿಂದ 12ರೊಳಗೆ ಸೈಟು ಬಿಡಬೇಕು. ಬಾಡಿಗೆ ಕಂಪನಿಗಳು ಅದಕ್ಕೂ ಮೊದಲು, ಕೆಲವು ಕಡೆ 10 ಅಥವಾ 11ಕ್ಕೇ, ಗಾಡಿ ಕೇಳುತ್ತವೆ. ತಡವಾದರೆ ಗಂಟೆ ಲೆಕ್ಕದಲ್ಲಿ ದುಡ್ಡು. ಆದ್ದರಿಂದ ಕೊನೆಯ ಸೈಟು ಗಾಡಿ ಕೊಡುವ ಜಾಗದಿಂದ ಒಂದು ಗಂಟೆಯ ದಾರಿಯೊಳಗೆ ಇರಲಿ. ನಡುವೆ ಪೆಟ್ರೋಲ್ ಮತ್ತು ಪ್ರೋಪೇನ್ ತುಂಬಿಸಲು ಅರ್ಧ ಗಂಟೆ ಇಟ್ಟುಕೊಳ್ಳಿ. ಟ್ಯಾಂಕ್ ಖಾಲಿ ಇರುವುದನ್ನು ತೋರಿಸುವ ಒಳಗಿನ ಮೀಟರಿನ ಫೋಟೋ ಒಂದು ತೆಗೆದುಕೊಂಡು, ಆಮೇಲೆ ಕೀ ಕೊಡಿ.